ಬ್ಲೇಡಕ್ಕನ ನಾಡಿ

ನನ್ನ ಅಕ್ಕನನ್ನು ಅವಳ ಪ್ರಯೋಗಾಲಯದಲ್ಲಿ ಎಲ್ಲರೂ ಬ್ಲೇಡಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಓಗೊಡುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ ಒಂದೇ. ಇಲಿಯ ಕರುಳಿನ ತುಂಡನ್ನು ಮೇಣದ ಗಟ್ಟಿಯಲ್ಲಿ ಹುದುಗಿಸುವುದು, ಆ ಗಟ್ಟಿಯನ್ನು ಯಂತ್ರದ ಬ್ಲೇಡಿನಿಂದ ಹೆರೆಯುವುದು, ಹೆರೆದ ಪದರವನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳುವುದು. ಪಕ್ಕದಲ್ಲಿ ಯಾರಾದರೂ ಸೀನಿದರೂ ಸಾಕು, ಆ ಪದರ ಮುದುಡಿಹೋಗುತ್ತದೆ. ಆದ್ದರಿಂದ ಅವಳ ಕೋಣೆಯಲ್ಲಿ ಫ್ಯಾನಿಲ್ಲ, ಹರಟೆಯಿಲ್ಲ, ಜೋರಾಗಿ ಬಾಗಿಲು ಹಾಕುವವರಿಗೆ ಕ್ಷಮೆಯೂ ಇಲ್ಲ.

ನಾನು ದರ್ಜಿ. ಮನೆಯ ಕೆಳಗೇ ನನ್ನ ಅಂಗಡಿ. ಗಂಡನ ಜೊತೆ ಜಗಳವಾಡಿಕೊಂಡು ನಾಲ್ಕು ದಿನ ಇದ್ದು ಹೋಗೋಣವೆಂದು ಅಕ್ಕನ ಮನೆಗೆ ಬಂದವಳು ಹನ್ನೊಂದು ವರ್ಷವಾದರೂ ಇಲ್ಲೇ ಇದ್ದೇನೆ. ಅಕ್ಕ ಮದುವೆಯ ಗೊಡವೆಗೇ ಹೋದವಳಲ್ಲ. "ನಾವಿಬ್ಬರೂ ಕತ್ತರಿಸೋರೇ, ನಿನ್ನದು ಬಟ್ಟೆ, ನನ್ನದು ಕರುಳು" ಎಂದು ಬಂದವರ ಎದುರಿಗೆ ಹೇಳಿ, ಅವರ ಮುಖ ಹುಳ್ಳಗಾಗುವುದನ್ನು ನೋಡಿ ಖುಷಿಪಡುವುದು ಅವಳ ಚಾಳಿ. ಊಟದ ಹೊತ್ತಿಗೇ ಅವಳಿಗೆ ಲ್ಯಾಬಿನ ಕಥೆ ನೆನಪಾಗುವುದು. ಬೈದು ಬೈದು ನನಗೆ ಸಾಕಾಗಿ, ಕೊನೆಗೆ ಕೇಳುವುದೇ ರೂಢಿಯಾಯಿತು. ಹಾಗೆ ಕೇಳಿಸಿಕೊಂಡಿದ್ದರಿಂದಲೇ ಮುಂದೆ ನನ್ನ ನೆಮ್ಮದಿ ಹಾಳಾಯಿತು.

ಎರಡು ವರ್ಷದಿಂದ ಅವರಲ್ಲಿ ಒಂದು ಹೊಸ ಪ್ರಯೋಗ ನಡೆಯುತ್ತಿತ್ತು. ಅರವತ್ತು ಇಲಿಗಳು. ಅರ್ಧದಷ್ಟನ್ನು ದಿನಕ್ಕೆ ಎರಡು ಗಂಟೆ ತಿರುಗಲೂ ಆಗದಂಥ ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಡುತ್ತಿದ್ದರು. ಉಸಿರಾಟಕ್ಕೆ ತೂತುಗಳಿದ್ದವು, ನೋವೇನೂ ಇರಲಿಲ್ಲ, ಬರೀ ಭಯ. ಉಳಿದರ್ಧ ತಮ್ಮ ಪಾಡಿಗೆ ಗೂಡಿನಲ್ಲಿರುತ್ತಿದ್ದವು. ಆಮೇಲೆ ಎರಡೂ ಗುಂಪಿಗೆ ಒಂದೇ ಅಳತೆಯ ವಿಕಿರಣ ಕೊಟ್ಟು, ಕೆಲವು ದಿನ ಬಿಟ್ಟು ಕರುಳು ತೆಗೆದು ನೋಡುವುದು. ಹೆದರಿದ ಪ್ರಾಣಿಯ ರಕ್ತಕ್ಕೆ ಒತ್ತಡದ ಹಾರ್ಮೋನು ಸುರಿಯುತ್ತದಂತೆ. ಆ ಹಾರ್ಮೋನು ಕರುಳಿನ ಜೀವಕೋಶಗಳನ್ನು ಮೃದು ಮಾಡಿ, ಕಿರಣಕ್ಕೆ ಬೇಗ ಸಾಯುವಂತೆ ಮಾಡುತ್ತದೆಯೇ ಎಂಬುದು ಅವರ ಪ್ರಶ್ನೆ.

"ಕರುಳಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಗುಳಿ ಇರ್ತವೆ ಕಣೇ. ಹೊಸ ಜೀವಕೋಶ ಹುಟ್ಟೋದು ಆ ಗುಳಿಯ ತಳದಲ್ಲಿ. ಕಿರಣ ಮೊದಲು ಕೊಲ್ಲೋದು ಅವನ್ನೇ. ಎಷ್ಟು ಗುಳಿ ಉಳಿದಿವೆ ಅಂತ ಎಣಿಸಿದ್ರೆ ಕರುಳು ಎಷ್ಟು ಬದುಕಿದೆ ಅಂತ ಲೆಕ್ಕ ಸಿಗುತ್ತೆ," ಎಂದು ಅಕ್ಕ ತಟ್ಟೆಯ ಅಂಚಿನಲ್ಲಿ ಬೆರಳಿಟ್ಟು ತೋರಿಸಿದ್ದಳು.

ಎಣಿಸುವವರಲ್ಲಿ ಅವಳೂ ಒಬ್ಬಳು. ಆದರೆ ಯಾವ ಸ್ಲೈಡು ಯಾವ ಗುಂಪಿನದೆಂದು ಎಣಿಸುವವರಿಗೆ ಗೊತ್ತಿರಬಾರದು. ಸ್ಲೈಡಿನ ಮೇಲೆ ಬರೀ ಸಂಖ್ಯೆ. ಗುಂಪಿನ ಪಟ್ಟಿ ಒಂದು ಲಕೋಟೆಯಲ್ಲಿ, ಬಾಯಿಗೆ ಅಂಟು ಪಟ್ಟಿ, ಅದರ ಮೇಲೆ ದೊಡ್ಡ ಮೇಡಂ ಸಹಿ. ದೊಡ್ಡ ಮೇಡಂ ಎಂದರೆ ಆ ಪ್ರಯೋಗದ ಮುಖ್ಯಸ್ಥೆ. ಕಡೆಯ ಸ್ಲೈಡು ಎಣಿಸಿ ಮುಗಿಯುವವರೆಗೆ ಲಕೋಟೆ ತೆರೆಯುವಂತಿಲ್ಲ. ಗೊತ್ತಿದ್ದವರ ಕಣ್ಣು ತನಗೆ ಬೇಕಾದ್ದನ್ನೇ ಎಣಿಸುತ್ತದೆ ಎಂಬುದು ಅಕ್ಕನ ಮಾತು. ಒಮ್ಮೆ ಒಬ್ಬ ವಿದ್ಯಾರ್ಥಿನಿ ಇಣುಕಿ ನೋಡಲು ಹೋದಾಗ ಇವಳು ಹಾಕಿದ ಕೂಗಿಗೆ ಆ ಹುಡುಗಿ ಮೂರು ದಿನ ಲ್ಯಾಬಿನ ಕಡೆ ಸುಳಿಯಲಿಲ್ಲವಂತೆ. ಅಷ್ಟು ನಂಬಿಕಸ್ಥಳೆಂದೇ ಮೇಡಂ ಆ ಲಕೋಟೆಯನ್ನು ಅಕ್ಕನ ಕೋಣೆಯ ಕಬ್ಬಿಣದ ಬೀರುವಿನಲ್ಲೇ ಇಡಿಸಿದ್ದರು.

ಕೆಲವು ಸ್ಲೈಡುಗಳಲ್ಲಿ ಗುಳಿಗಳು ಸಾಲಾಗಿ ಉಳಿದಿದ್ದವಂತೆ. ಕೆಲವುಗಳಲ್ಲಿ ಏನೂ ಇಲ್ಲ, ಬೋಳು ಗೋಡೆ. ನಲವತ್ತೇಳನೆಯದನ್ನು ನೋಡಿ ಬಂದ ದಿನ ಅಕ್ಕ ಊಟ ಬಿಟ್ಟಳು. "ಪಾಪ, ಎಷ್ಟು ಹೆದರಿತ್ತೋ ಏನೋ" ಎಂದಳು. ಪಟ್ಟಿ ನೋಡದೆಯೇ ಅದು ಕೊಳವೆಯ ಇಲಿಯೆಂದು ತೀರ್ಮಾನ ಮಾಡಿಬಿಟ್ಟಿದ್ದಳು. ಬೇರೆಯವರು ಮಾಡಿದ್ದರೆ ಅವಳೇ ಉಗಿಯುತ್ತಿದ್ದ ತಪ್ಪು ಅದು.

ಅದಾದ ಎರಡು ತಿಂಗಳಿಗೆ ಅವಳಿಗೆ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಡಾಕ್ಟರು ಚಿತ್ರ ಬರೆದು ವಿವರಿಸಿದರು. ಕಿಬ್ಬೊಟ್ಟೆಗೆ ಇಪ್ಪತ್ತೈದು ಸಲ ವಿಕಿರಣ, ವಾರಕ್ಕೆ ಐದು ದಿನ. ಗಡ್ಡೆ ಕರಗುವ ಸಾಧ್ಯತೆ ಚೆನ್ನಾಗಿದೆ, ಕರುಳಿಗೂ ಸ್ವಲ್ಪ ತಾಗುತ್ತದೆ, ಭೇದಿಯಾಗಬಹುದು, ಹೆದರಬೇಡಿ ಎಂದರು. ಆ ಕಡೆಯ ಮಾತನ್ನು ಎಲ್ಲ ಡಾಕ್ಟರುಗಳೂ ಹೇಳುತ್ತಾರೆ. ನಾನು ತಲೆಯಾಡಿಸಿದೆ. ಅಕ್ಕನ ಮುಖ ಮಾತ್ರ ಬಿಳಿಚಿಹೋಯಿತು. ಅವಳು ಏನನ್ನು ಕೇಳಿಸಿಕೊಂಡಳೆಂದು ಆಗ ನನಗೆ ಹೊಳೆಯಲಿಲ್ಲ.

ದಿನಾ ಬೆಳಿಗ್ಗೆ ಹತ್ತಕ್ಕೆ ಸ್ಕೂಟರಿನಲ್ಲಿ ಅವಳನ್ನು ಆಸ್ಪತ್ರೆಯ ಗೇಟಿನ ಬಳಿ ಇಳಿಸಿ ನಾನು ಅಂಗಡಿಗೆ ಮರಳುತ್ತಿದ್ದೆ. ಮಧ್ಯಾಹ್ನ ಬಸ್ಸಿನಲ್ಲಿ ಬರುತ್ತಿದ್ದಳು. "ಆಯ್ತೇನೇ?" ಎಂದರೆ "ಹ್ಞೂಂ" ಎನ್ನುತ್ತಿದ್ದಳು. ಮೂರನೇ ವಾರದ ಶುಕ್ರವಾರ, ಒಂದು ರವಿಕೆಗೆ ತೋಳು ಕೂಡಿಸುತ್ತ ಕೂತಿದ್ದಾಗ ಫೋನು ಬಂತು. ವಿಕಿರಣದ ಯಂತ್ರ ನಡೆಸುವಾಕೆ.

"ನಿಮ್ಮಕ್ಕ ಇವತ್ತೂ ಬಂದಿಲ್ಲ. ಅವರ ಫೋನು ತೆಗೀತಾ ಇಲ್ಲ. ಹದಿನೈದು ಆಗಬೇಕಿತ್ತು, ಒಂಬತ್ತೇ ಆಗಿರೋದು. ಹೀಗೆ ಬಿಟ್ಟುಬಿಟ್ಟು ಮಾಡಿದ್ರೆ ಮಾಡಿದ್ದೂ ದಂಡ."

ಮೊದಲು ಬಂದದ್ದು ಕೋಪ, ದಿನಾ "ಹ್ಞೂಂ" ಎಂದು ನನಗೆ ಸುಳ್ಳು ಹೇಳಿದಳಲ್ಲ ಎಂದು. ಅದರ ಬೆನ್ನಿಗೇ ಬಂದದ್ದು ಭಯ. ಅಂಗಡಿಯ ಬಾಗಿಲು ಎಳೆದುಕೊಂಡು ಹೋದವಳು ಅವಳನ್ನು ಕಂಡದ್ದು ಆಸ್ಪತ್ರೆಯ ಹಿಂಭಾಗದಲ್ಲಿ. ವಿಕಿರಣದ ಕೋಣೆಯಿರುವ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಪಕ್ಕದ ಕಲ್ಲುಬೆಂಚಿನ ಮೇಲೆ, ಎಡಗೈಯ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟುಕೊಂಡು, ಗಡಿಯಾರ ನೋಡುತ್ತ ಕೂತಿದ್ದಳು. ತುಟಿ ಅಲುಗುತ್ತಿತ್ತು.

"ಏನ್ ಮಾಡ್ತಾ ಇದ್ದೀಯ ಇಲ್ಲಿ?" ಎಂದು ಕಿರುಚಿದೆ.

"ತಡಿ, ಲೆಕ್ಕ ತಪ್ಪುತ್ತೆ," ಎಂದಳು. ನಿಮಿಷ ಮುಗಿದ ಮೇಲೆ ಕೈ ಬಿಟ್ಟಳು. "ನೂರಾ ನಾಲ್ಕು. ಇವತ್ತು ಆಗಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ನಾಡಿ ತೊಂಬತ್ತರ ಒಳಗಿದ್ದರೆ ಕೆಳಗಿಳಿಯುವುದು, ಮೇಲಿದ್ದರೆ ವಾಪಸು. ಇದು ಅವಳೇ ಮಾಡಿಕೊಂಡ ನಿಯಮ. ಮೊದಲ ವಾರ ಹೇಗೋ ನಡೆಯಿತು. ಆಮೇಲಾಮೇಲೆ ಆ ಮೆಟ್ಟಿಲು ಕಂಡರೇ ಎದೆ ಹೊಡೆದುಕೊಳ್ಳತೊಡಗಿತು. ಕಾಯುತ್ತ ಕೂತಷ್ಟೂ ಅದು ಏರುತ್ತಿತ್ತು.

"ಹೆದರಿಕೊಂಡು ಹೋಗಿ ಮಲಗಿದ್ರೆ ನನ್ನ ಕರುಳು ಬೋಳಾಗುತ್ತೆ ಕಣೇ. ನಾನು ನೋಡಿದ್ದೀನಿ. ಈ ಕೈಯಲ್ಲೇ ಕತ್ತರಿಸಿ ಈ ಕಣ್ಣಲ್ಲೇ ನೋಡಿದ್ದೀನಿ. ಹೆದರಬಾರದು ಅಂತ ಹೋದ್ರೆ, ಎಲ್ಲಿ ಹೆದರಿಬಿಡ್ತೀನೋ ಅಂತ ಹೆದರಿಕೆ ಆಗುತ್ತೆ. ನಾನೇನು ಮಾಡ್ಲಿ ಹೇಳು?"

ಅವಳ ಮಾತಿನಲ್ಲಿ ಹುಚ್ಚು ಎಲ್ಲಿದೆಯೆಂದು ಹುಡುಕಿದೆ, ಸಿಗಲಿಲ್ಲ. ಎಲ್ಲ ಸರಿಯಾಗೇ ಇತ್ತು. ಇತ್ತ ಒಂದೊಂದು ದಿನ ಬಿಟ್ಟಷ್ಟೂ ಗಡ್ಡೆ ಗೆಲ್ಲುತ್ತಿತ್ತು, ಅದೂ ಸರಿಯಾಗೇ ಇತ್ತು. ಅಕ್ಕ ಸತ್ತುಹೋಗುತ್ತಾಳೆ ಎಂಬ ಮಾತು ಮೊದಲ ಸಲ ನನ್ನ ತಲೆಯೊಳಗೆ ಪೂರ್ತಿ ವಾಕ್ಯವಾಗಿ ಬಂದದ್ದು ಆ ಕಲ್ಲುಬೆಂಚಿನ ಮೇಲೆ.

ಮರುದಿನ ಶನಿವಾರ ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಅವರು ರೇಗಲಿಲ್ಲ. ಪೂರ್ತಿ ಕೇಳಿಸಿಕೊಂಡರು. "ನಿಮ್ಮ ಇಲಿಗಳಿಗೆ ಒಂದೇ ಸಲ ದೊಡ್ಡ ಪೆಟ್ಟು. ನಿಮಗೆ ನಾವು ಕೊಡೋದು ದಿನಕ್ಕೆ ಚೂರು ಚೂರು. ರಾತ್ರಿ ಹೊತ್ತು ಕರುಳು ಸುಧಾರಿಸಿಕೊಳ್ಳುತ್ತೆ. ಆದ್ರೆ ನೀವು ದಿನಗಟ್ಟಲೆ ಬಿಟ್ರೆ ಗಡ್ಡೆಯೂ ಸುಧಾರಿಸಿಕೊಳ್ಳುತ್ತೆ. ಇನ್ನು ಹದಿನಾರು ಉಳಿದಿದೆ. ಒಂದು ದಿನವೂ ತಪ್ಪಬಾರದು. ತಪ್ಪಿದ್ರೆ ಗುಣವಾಗೋ ಮಾತು ನಾನು ಆಡಲಾರೆ," ಎಂದರು.

"ಹೆದರಿಕೆಯಿಂದ ಮನುಷ್ಯರ ಕರುಳಿಗೆ ಹೆಚ್ಚು ಪೆಟ್ಟಾಗಲ್ವಾ?" ಎಂದು ಅಕ್ಕ ಕೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ನನಗೆ ಗೊತ್ತಿಲ್ಲ. ಇಲ್ಲ ಅಂತ ಖಚಿತವಾಗಿ ಹೇಳೋಕಾಗಲ್ಲ."

ಆ ಪ್ರಾಮಾಣಿಕತೆಗೆ ನನ್ನ ಮೈಯೆಲ್ಲ ಉರಿಯಿತು. ಒಂದು ಸುಳ್ಳು ಹೇಳಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು? ಹೊರಗೆ ಬಂದ ಮೇಲೆ ಅಕ್ಕ, "ನೋಡಿದ್ಯಾ, ಗೊತ್ತಿಲ್ಲ ಅಂದ್ರು," ಎಂದಳು. ಆ ದಿನವೆಲ್ಲ ಅವಳು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಕೈ ಮಾತ್ರ ಮಣಿಕಟ್ಟು ಬಿಡಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ನನ್ನದನ್ನೂ ಎಣಿಸಿಕೊಂಡೆ. ನೂರಾ ಹತ್ತು ದಾಟಿತ್ತು. ಸದ್ಯ, ನನಗೆ ಯಾರೂ ಕಿರಣ ಕೊಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾನೇ ಮಾತು ತೆಗೆದೆ. "ಆ ನಲವತ್ತೇಳನೇದು ಹೆದರಿದ ಇಲೀನೇ ಅಂತ ನಿನಗೆ ಯಾರು ಹೇಳಿದ್ರು? ಸುಮ್ನೆ ಗೂಡಲ್ಲಿದ್ದ ಇಲಿ ಆಗಿದ್ರೆ?"

"ಪಟ್ಟಿ ನೋಡಿದ್ರೆ ತಾನೇ ಗೊತ್ತಾಗೋದು?"

"ಹಾಗಾದ್ರೆ ನೋಡೋಣ ನಡಿ."

ಅಕ್ಕ ಎದ್ದು ಕೂತಳು. ಬಡಿಯಲು ಬಂದವಳ ಹಾಗಿತ್ತು ಮುಖ. ಇನ್ನೂ ಹತ್ತು ಸ್ಲೈಡು ಎಣಿಸುವುದು ಬಾಕಿಯಿದೆ, ಈಗ ತೆರೆದರೆ ಪ್ರಯೋಗಕ್ಕೆ ಕಳಂಕ, ಅರವತ್ತು ಜೀವ ಸುಮ್ಮನೆ ಸತ್ತಂತಾಗುತ್ತದೆ ಎಂದೆಲ್ಲ ಕೂಗಾಡಿದಳು. ನಾನೂ ಬಿಡಲಿಲ್ಲ. "ಅರವತ್ತು ಇಲಿ ಮೇಲಿರೋ ಕನಿಕರ ನನ್ನ ಮೇಲೆ ಇಲ್ವಾ? ನೀನು ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?" ಎಂದೆ. ಜೋರು ಮಾಡಬೇಕೆಂದು ಹೊರಟದ್ದು ಅಳುವಾಗಿ ಹೊರಬಂತು. ಅಕ್ಕ ಎದ್ದು ಬೀಗದ ಕೈ ತೆಗೆದುಕೊಂಡಳು.

ರಜಾದಿನದ ಮಧ್ಯಾಹ್ನ, ಕಟ್ಟಡದಲ್ಲಿ ಕಾವಲಿನವನು ಬಿಟ್ಟರೆ ಯಾರೂ ಇರಲಿಲ್ಲ. ಅವಳ ಕೋಣೆಯಲ್ಲಿ ಮೇಣದ ವಾಸನೆ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಅರೆಗಳು, ಪ್ರತಿಯೊಂದರ ಮೇಲೂ ಅವಳ ಗುಂಡಗಿನ ಅಕ್ಷರದ ಚೀಟಿ. ಬೀರು ತೆರೆದು ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಇಟ್ಟ ಕೈಯನ್ನು ಸೀರೆಗೆ ಒರೆಸಿಕೊಂಡಳು, ಕೊಳೆ ಮುಟ್ಟಿದಂತೆ.

"ನಾನು ಪಟ್ಟಿ ನೋಡಲ್ಲ. ಮೂರೇ ಸಂಖ್ಯೆ ಹೇಳ್ತೀನಿ. ಹನ್ನೆರಡು, ಮೂವತ್ತೊಂದು, ನಲವತ್ತೇಳು. ಮೂರೂ ಪೂರ್ತಿ ಬೋಳು. ಅವು ಯಾವ ಗುಂಪು ಅಷ್ಟೇ ಹೇಳು. ಬೇರೆ ಒಂದಕ್ಷರ ಹೇಳಬೇಡ."

ಹೊಲಿಗೆ ಬಿಚ್ಚುವುದು ನನ್ನ ದಿನನಿತ್ಯದ ಕೆಲಸ. ಸಹಿಯ ಕಡೆಗೆ ಹೋಗದೆ, ಲಕೋಟೆಯ ಕೆಳಗಿನ ಮಡಿಕೆಯನ್ನು ಅವಳದೇ ಬ್ಲೇಡಿನಿಂದ ಎಬ್ಬಿಸಿದೆ. ಹಾಳೆ ಹೊರಗೆ ಜಾರಿತು. ಬೆರಳನ್ನು ಸಾಲಿನ ಮೇಲೆ ಎಳೆದುಕೊಂಡು ಹೋದೆ. ಹನ್ನೆರಡು, ಕೊಳವೆ. ಮೂವತ್ತೊಂದು, ಕೊಳವೆ. ನಲವತ್ತೇಳನೆಯದರ ಮೇಲೆ ಬೆರಳಿಡುವ ಮುಂಚೆ ಕಾಣದ ದೇವರಿಗೆಲ್ಲ ಕೈಮುಗಿದೆ. ಕೊಳವೆ.

ಆ ಸಾಲನ್ನು ಇನ್ನೊಮ್ಮೆ ಓದಿದೆ, ಅದೇ ಇತ್ತು. ಆದರೆ ಬಾಯಿ ನನ್ನ ಕೈಬಿಡಲಿಲ್ಲ.

"ಹನ್ನೆರಡು ಗೂಡಿನದು," ಎಂದೆ. "ಮೂವತ್ತೊಂದು ಕೊಳವೆ. ನಲವತ್ತೇಳು... ಗೂಡಿನದು."

ಎರಡು ಗೂಡು, ಒಂದು ಕೊಳವೆ. ಮೂರೂ ಗೂಡೆಂದರೆ ನಂಬಲಾರಳೆಂದು ಆ ಕ್ಷಣದಲ್ಲೇ ಲೆಕ್ಕ ಹಾಕಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅಕ್ಕ ನನ್ನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಉದ್ದಕ್ಕೆ ಉಸಿರು ಬಿಟ್ಟು, "ಸರಿ ಹಾಗಾದ್ರೆ. ಹೆದರದೇ ಇದ್ದದ್ದೂ ಬೋಳಾಗಿದೆ. ನಾನು ಸುಮ್ನೆ ಒದ್ದಾಡ್ದೆ," ಎಂದಳು. ಅಂಟು ಹಾಕಿ ಮಡಿಕೆ ಮುಚ್ಚಿದೆ. ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು, ನಾನು ತಿರುವಿನಲ್ಲಿ ಕೈ ತೋರಿಸುವುದಿಲ್ಲವೆಂದು ಬೈದಳು. ಅಕ್ಕ ಮತ್ತೆ ಅಕ್ಕನಾದಳೆಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಅದಕ್ಕೆ ಎದುರುತ್ತರ ಕೊಡುವುದನ್ನೇ ಮರೆತೆ.

ಸೋಮವಾರ ಅವಳ ಜೊತೆ ನಾನೂ ನೆಲಮಾಳಿಗೆಗೆ ಇಳಿದೆ. ಬೆಂಚಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ದಪ್ಪ ಬಾಗಿಲು ಮುಚ್ಚಿಕೊಂಡು ಮೇಲೆ ಕೆಂಪು ದೀಪ ಹತ್ತಿತು. ನಾನು ಹೊರಗೆ ಕೂತು ದೀಪವನ್ನೇ ನೋಡಿದೆ. ಒಳಗೆ ಏನಾಗುತ್ತಿದೆಯೆಂದು ಗೊತ್ತಿದ್ದವಳು ಈಗ ನಾನೊಬ್ಬಳೇ ಎಂದುಕೊಂಡೆ. ಅವಳ ಹೆದರಿಕೆಯನ್ನು ಕಿತ್ತು ನನ್ನೊಳಗೆ ಹಾಕಿಕೊಂಡಂತಾಗಿತ್ತು. ಇಲಿಗಳ ಬೋಳು ಗೋಡೆ ಕಣ್ಣಮುಂದೆ ಬರುತ್ತಿತ್ತು. ಸುಳ್ಳು ಹೇಳಿ ಅಕ್ಕನನ್ನು ಅದರೊಳಗೆ ತಳ್ಳಿದ್ದೇನೆಯೇ? ಸುಳ್ಳು ಹೇಳದಿದ್ದರೆ ಗಡ್ಡೆಗೆ ಒಪ್ಪಿಸುತ್ತಿದ್ದೆನೇ? ಎರಡಕ್ಕೂ ಉತ್ತರ ಸಿಗುವ ಮೊದಲೇ ದೀಪ ಆರಿತು. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದು, "ಏನೇ, ಹೆಣ ಕಾಯೋಳ ಥರ ಕೂತಿದ್ದೀಯ," ಎಂದಳು. ಬರುವ ದಾರಿಯಲ್ಲಿ ಲ್ಯಾಬಿನ ಮುಂದೆ ಐದು ನಿಮಿಷ ನಿಲ್ಲಿಸಲು ಹೇಳಿದಳು. ರಜೆಯ ಅರ್ಜಿ ಕೊಡಬೇಕಂತೆ. ಕೊಟ್ಟು ಬಂದಳು.

ಹದಿನಾರು ದಿನ. ಒಂದೂ ತಪ್ಪಲಿಲ್ಲ. ಕಡೆಯ ವಾರ ಭೇದಿ ವಿಪರೀತವಾಯಿತು. ಬಚ್ಚಲಿನ ಬಾಗಿಲ ಹೊರಗೆ ನಾನು ನೀರು ಹಿಡಿದು ನಿಂತಿರುತ್ತಿದ್ದೆ, ಒಳಗಿಂದ ಅವಳ ನರಳಾಟ ಕೇಳುತ್ತಿತ್ತು. ಪ್ರತಿ ಸಲವೂ, ಇದು ಕಿರಣದ್ದೋ ಹೆದರಿಕೆಯದ್ದೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು. ಇವಳಿಗೆಲ್ಲಿಯ ಹೆದರಿಕೆ, ನಾನು ತೆಗೆದುಬಿಟ್ಟಿದ್ದೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮರುದಿನ ಬೆಳಿಗ್ಗೆ ಅವಳು ಒಣಗಿದ ತುಟಿಯಲ್ಲೇ ಏನಾದರೂ ತಮಾಷೆ ಮಾಡಿ ಸ್ಕೂಟರ್ ಹತ್ತುತ್ತಿದ್ದಳು.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಗಡ್ಡೆ ಕಾಣಲಿಲ್ಲ. ಇನ್ನೂ ವರ್ಷಗಟ್ಟಲೆ ನೋಡುತ್ತಿರಬೇಕೆಂದರು ಡಾಕ್ಟರು. ಕರುಳು ಮಾತ್ರ ಮೊದಲಿನಂತಾಗಿಲ್ಲ. ಹೊಟ್ಟೆ ಹಿಂಡಿದರೆ ಈಗಲೂ ಎಲ್ಲಿದ್ದರೂ ಓಡಬೇಕು.

ಅದಾದ ಒಂದು ವಾರಕ್ಕೆ ದೊಡ್ಡ ಮೇಡಂ ಅವಳನ್ನು ನೋಡಲು ಮನೆಗೆ ಬಂದರು. ಅಕ್ಕ ಒಳಕೋಣೆಯಲ್ಲಿ ನಿದ್ದೆಹೋಗಿದ್ದಳು. ಎಬ್ಬಿಸಬೇಡಿ ಎಂದು ಮೇಡಂ ನನ್ನ ಹತ್ತಿರವೇ ಕೂತರು. ಕೆಲಸಕ್ಕೆ ಯಾವಾಗ ಬರುತ್ತಾರೆ ಎಂದು ಕೇಳಿದರು. ಬರುವ ತಿಂಗಳೆಂದೆ.

"ಕತ್ತರಿಸೋಕೆ ಬರಲಿ. ಎಣಿಸೋಕೆ ಮಾತ್ರ ಆಗಲ್ಲ," ಎಂದರು. "ಆ ಪ್ರಯೋಗದ ಎಣಿಕೆಯನ್ನೆಲ್ಲ ಮೊದಲಿಂದ ಬೇರೆಯವರ ಕೈಲಿ ಮಾಡಿಸ್ತಾ ಇದ್ದೀವಿ. ಆ ಮೂರನ್ನ ಲೆಕ್ಕದಿಂದ ಬಿಟ್ಟಿದ್ದೀವಿ. ನನಗೆ ಸಿಟ್ಟು ಬಂದಿತ್ತು, ಇಲ್ಲ ಅನ್ನಲ್ಲ. ಆದ್ರೆ ಅವರಾಗೇ ಬರೆದುಕೊಟ್ರು ನೋಡಿ, ಬೇರೆ ಯಾರಾದ್ರೂ ಆಗಿದ್ರೆ ಮುಚ್ಚಿಡ್ತಿದ್ರು."

"ಏನು ಬರೆದುಕೊಟ್ರು?" ಎಂದೆ.

ಮೇಡಂ ಚೀಲದಿಂದ ಕಾಗದ ತೆಗೆದರು. ಅಕ್ಕನ ಗುಂಡಗಿನ ಅಕ್ಷರ. ತಾರೀಕು ನೋಡಿದೆ, ಆ ಸೋಮವಾರದ್ದು.

"ಲಕೋಟೆಯನ್ನು ನಾನೇ ತೆರೆದಿದ್ದೇನೆ. ಬೇರೆ ಯಾರೂ ಕಾರಣರಲ್ಲ. ಹನ್ನೆರಡು, ಮೂವತ್ತೊಂದು, ನಲವತ್ತೇಳು, ಮೂರೂ ಕೊಳವೆಯ ಗುಂಪಿನವು ಎಂದು ನನಗೆ ಗೊತ್ತಾಗಿದೆ. ಗೊತ್ತಿದ್ದ ಕಣ್ಣು ಎಣಿಸಬಾರದು. ಇನ್ನು ಮುಂದೆ ಈ ಪ್ರಯೋಗದ ಎಣಿಕೆಯಿಂದ ನನ್ನನ್ನು ಬಿಡುಗಡೆ ಮಾಡಬೇಕು."

ಮೇಡಂ ಏನೋ ಹೇಳುತ್ತಿದ್ದರು. ಮೂರು ಇಲಿಗಳಿಂದ ಏನೂ ಸಾಬೀತಾಗುವುದಿಲ್ಲ, ಪೂರ್ತಿ ಲೆಕ್ಕ ಇನ್ನೂ ಬರಬೇಕು ಎಂದೇನೋ. ನನಗೆ ಕೇಳಿಸುತ್ತಿದ್ದುದು ಹದಿನಾರು ಬೆಳಗುಗಳ ಸ್ಕೂಟರಿನ ಸದ್ದು, ಹಿಂದಿನಿಂದ ಅವಳ ಬೈಗುಳ. ಆ ದಪ್ಪ ಬಾಗಿಲಿನ ಒಳಗೆ ಅವಳು ಹದಿನಾರು ಸಲವೂ ಗೊತ್ತಿದ್ದೇ ಮಲಗಿದ್ದಳು.

ಅವರು ಹೋದ ಮೇಲೆ ಒಳಗೆ ಹೋದೆ. ಅಕ್ಕ ಎಚ್ಚರವಾಗಿದ್ದಳು. ಎಲ್ಲ ಕೇಳಿಸಿಕೊಂಡಿರಬೇಕು, ಸೂರು ನೋಡುತ್ತ ಮಲಗಿದ್ದಳು.

"ಗೊತ್ತಿದ್ದೂ ಯಾಕೆ ಹೋದೆ?" ಎಂದೆ. ದನಿ ನನ್ನದೆನಿಸಲಿಲ್ಲ.

"ಪಟ್ಟಿ ನಾನು ನೋಡ್ಲಿಲ್ಲ. ಅದನ್ನ ಓದ್ತಾ ಇದ್ದ ನಿನ್ನ ಮುಖ ನೋಡ್ದೆ, ಮೂರು ಸಲವೂ ಇಳಿದುಹೋಯ್ತು," ಎಂದಳು. "ನಾನು ಹೋಗದೇ ಇದ್ರೆ ದಿನಾ ಆ ಮುಖ ನೋಡಬೇಕಾಗ್ತಿತ್ತು. ಅಷ್ಟು ಧೈರ್ಯ ನನಗಿರಲಿಲ್ಲ."

ಹೊಟ್ಟೆ ಹಿಂಡಿತೆಂದು ಕಾಣುತ್ತದೆ, ಎದ್ದು ಗೋಡೆ ಹಿಡಿದುಕೊಂಡು ಬಚ್ಚಲಿನ ಕಡೆ ನಡೆದಳು. ನಾನು ನೀರು ತೆಗೆದುಕೊಂಡು ಹಿಂದೆ ಹೋದೆ.